ಪಡಸಾಲೆಯ ಕಸ ಇನ್ನು ಹೊಡೆಯಬಹುದು

ನೈರೋಬಿ

ದಂಡೋತಿಯ ನಮ್ಮವ್ವನ ಪಾದಕ್ಕೆ ಅಣವೀರನ ನಮಸ್ಕಾರ.

ನಾನು ಬಂದು ವಾರವಾದರೂ ನೀನು ಪಡಸಾಲೆಯ ಕಸ ಹೊಡೆಯಗೊಟ್ಟಿಲ್ಲವೆಂದು ತಂಗಿ ಅಂಬಿಕಾ ಫೋನಿನಲ್ಲಿ ಗೋಳಾಡಿದಳು. ಪರವೂರಿಗೆ ಹೊರಟವರು ಮುಟ್ಟುವ ತನಕ ಮನೆ ಗುಡಿಸಬಾರದು, ಒಪ್ಪಿದೆ. ಆದರೆ ನಾನು ಮುಟ್ಟಿದೆನೆಂದು ಅವಳು ಎಷ್ಟು ಹೇಳಿದರೂ ನೀನು, "ಫೋನು ದಾರ್ಯಾಗಿಂದನೂ ಮಾಡ್ತಾರ. ವಾಡಿಯಿಂದ ಮುಂಬೈಗೇ ರೈಲಿಗಿ ಇಡೀ ರಾತ್ರಿ ಬೇಕು. ಸಮುದ್ರ ದಾಟಿ ಇಷ್ಟು ಲಗೂನ ಹ್ಯಾಂಗ ಮುಟ್ತಾನ? ಇನ್ನಾ ದಾರ್ಯಾಗೇ ಅದಾನ" ಎಂದೆಯಂತೆ.

ನನಗೂ ನಂಬಿಕೆ ಬರಲಿಲ್ಲವ್ವ. ವಿಮಾನದಲ್ಲಿ ಮುಂದಿನ ಸೀಟಿನ ಬೆನ್ನಿಗೆ ಒಂದು ಸಣ್ಣ ಪರದೆ ಇತ್ತು. ಅದರಲ್ಲಿ ನೀಲಿ ಸಮುದ್ರದ ಮೇಲೆ ನಮ್ಮ ವಿಮಾನ ನೊಣದ ಹಾಗೆ ತೆವಳುತ್ತಿತ್ತು. ಮುಂಬೈಯಿಂದ ಇಲ್ಲಿಗೆ ನಾಲ್ಕೂವರೆ ಸಾವಿರ ಕಿಲೋಮೀಟರ್. ದಾರಿಗೆಂದು ನೀನು ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು ಬಿಚ್ಚುವ ಮೊದಲೇ ಇಳಿಯಿರಿ ಎಂದರು. ಆ ರೊಟ್ಟಿಯನ್ನು ಈಗ ದಿನಾ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದೇನೆ.

ವಿಮಾನದಲ್ಲಿ ಕಟ್ಟಿದ್ದ ಕಿವಿ ಬಿಟ್ಟಿದೆ. ಇಲ್ಲಿನ ಸಿಮೆಂಟ್ ಕಾರ್ಖಾನೆಯ ಕೆಲಸ ನಮ್ಮ ವಾಡಿಯ ಕಾರ್ಖಾನೆಯಂತೆಯೇ, ಧೂಳೂ ಅದೇ.

ಈ ಕಾರ್ಡಿನ ಮೇಲೆ ನೈರೋಬಿ ಅಂಚೆಯ ಮುದ್ರೆ ಇರುತ್ತದೆ, ಅಂಬಿಕಾಳ ಕಡೆಯಿಂದ ಓದಿಸಿ ನೋಡು. ಸಮುದ್ರದ ನಡುವೆ ಇದನ್ನು ಯಾರೂ ಹೊಡೆದುಕೊಡುವುದಿಲ್ಲ. ನಾನು ಖರೇ ಮುಟ್ಟಿದ್ದೇನೆ. ಇನ್ನು ಅವಳ ಕೈಗೆ ಕಸಬರಿಗೆ ಕೊಡು.

ಜಾಗ ಮುಗಿಯಿತು. ನನ್ನ ಬೂಟಿಗೆ ಹತ್ತಿದ ನಮ್ಮ ಹೊಲದ ಎರೆಮಣ್ಣನ್ನು ಮಾತ್ರ ನಾನೂ ಇನ್ನೂ ಒರೆಸಿಲ್ಲ.

ನಿನ್ನ ಅಣವೀರ