ಅಡ್ವಾನ್ಸ್ ಯಾರು ಕೊಡಬೇಕು

ಗಾಳಿಪೇಟೆ, ಕಪ್ಪತಗುಡ್ಡ
ನೆರಳುತಿಂಗಳ ಮೂವತ್ತೆಂಟನೇ ದಿನ, ಕ್ರಿಸ್ತಶಕ 2296

ಹುಬ್ಬಳ್ಳಿಯ ಶ್ರೀಮತಿ ದಾಕ್ಷಾಯಣಿ ಅಂಗಡಿ ಅವರಿಗೆ ತಾರವ್ವ ಹೊಂಬಳ ಮಾಡುವ ನಮಸ್ಕಾರಗಳು.

ತಾಯಿ, ಮೇಲಿನ ತಾರೀಖು ನೋಡಿ ಇದು ಯಾರೋ ತಲೆ ಕೆಟ್ಟವರ ಕಾಗದವೆಂದು ಹರಿದು ಬಿಸಾಡಬೇಡಿ. ಮೂವತ್ತೆಂಟನೇ ದಿನವೆಂಬುದು ಕೈತಪ್ಪಲ್ಲ. ಬಿಸಿಲಿಗೆ ಹಗಲು ಹೊರಗೆ ಕಾಲಿಡಲಾಗದ ಎಪ್ಪತ್ತು ದಿನಗಳನ್ನು ನಾವು ಒಂದೇ ತಿಂಗಳೆಂದು ಎಣಿಸುತ್ತೇವೆ, ಅದಕ್ಕೆ ನೆರಳುತಿಂಗಳು ಎನ್ನುತ್ತೇವೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕಾಗದಪತ್ರಗಳನ್ನು ಓದಿ ಓದಿ ಕಲಿತದ್ದು, ಅವುಗಳಲ್ಲಿ ಅರ್ಧಕ್ಕರ್ಧ ಕರೆಂಟ್ ಬಿಲ್ಲುಗಳೇ. ಈ ಪತ್ರ ನಿಮಗೆ ಹೇಗೆ ಮುಟ್ಟೀತೆಂದು ಮಾತ್ರ ಕೇಳಬೇಡಿ. ಮುಟ್ಟದಿದ್ದರೂ ನಾನು ಇವತ್ತು ಬರೆಯಲೇಬೇಕು.

ನಾನು ಈ ಊರಿನ ಪದಮನೆಯವಳು. ಹಳೆಯ ಮಾತುಗಳನ್ನು ಅರ್ಥಸಹಿತ ಬರೆದಿಡುವ ಮನೆಗೆ ಆ ಹೆಸರು. ಊರಿನಲ್ಲಿ ಜಗಳ ಬಂದರೆ ಎಲ್ಲರೂ ನಮ್ಮ ಪುಸ್ತಕ ತೆರೆದು ನೋಡುತ್ತಾರೆ, ಅದರಲ್ಲಿದ್ದದ್ದೇ ಕೊನೆಯ ತೀರ್ಮಾನ. ನಿಮ್ಮವರು ಈ ಗುಡ್ಡದ ಮೇಲೆ ನಿಲ್ಲಿಸಿ ಹೋದ ಗಾಳಿಯಂತ್ರಗಳ ಕಂಬದಿಂದ ಕಂಬಕ್ಕೆ ನಾವು ಮಂಜುಬಲೆ ಕಟ್ಟಿದ್ದೇವೆ. ಬೆಳಗಿನ ಜಾವದ ಮಂಜು ಬಲೆಗೆ ತಾಗಿ, ಹನಿಯಾಗಿ, ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಆ ನೀರನ್ನು ಸಾವಿರದ ಇನ್ನೂರು ಜನ ಹಂಚಿಕೊಂಡು ಬದುಕುತ್ತಿದ್ದೇವೆ. ನಮ್ಮಲ್ಲಿ ರೂಪಾಯಿ ಇಲ್ಲ, ಅದು ನನ್ನ ಅಜ್ಜಿಯ ಅಜ್ಜಿಯ ಕಾಲಕ್ಕೇ ಹೋಯಿತು. ರೂಪಾಯಿಯ ಸಂಗಡ ತಿರುಗಾಡಿಕೊಂಡಿದ್ದ ಒಂದು ಇಂಗ್ಲಿಷ್ ಮಾತು ಮಾತ್ರ ಅದ್ಯಾಕೋ ಉಳಿದುಕೊಂಡಿದೆ. ಅದು ಅಡ್ವಾನ್ಸ್.

ಯಾರಾದರೂ ದಿಕ್ಕಿಲ್ಲದೆ ನಮ್ಮ ಊರ ಗೇಟಿಗೆ ಬಂದರೆ, ಅವರ ಹೆಸರೊಂದನ್ನು ಬಿಟ್ಟು ಏನನ್ನೂ ಕೇಳದೆ, ನಲವತ್ತು ದಿನದ ನೀರು, ಮಲಗಲು ಒಂದು ಕೋಣೆ, ಒಂದು ಚೀಲ ನವಣೆ ಕೊಡುತ್ತೇವೆ. ಇದೇ ನಮ್ಮ ಅಡ್ವಾನ್ಸ್. ಆ ನಲವತ್ತು ದಿನ ಅವರಿಗೆ ಏನು ಕೆಲಸ ಬರುತ್ತದೆಂದು ಯಾರೂ ವಿಚಾರಿಸುವಂತಿಲ್ಲ, ವಿಚಾರಿಸಿದವರ ಮುಖಕ್ಕೆ ಊರೇ ಉಗಿಯುತ್ತದೆ. ತಿಂದು ಉಂಡು ಹೊರಟು ಹೋದವರೂ ಇದ್ದಾರೆ. ನಾನು ಚಿಕ್ಕವಳಿದ್ದಾಗ ಒಬ್ಬ ಮಹಾರಾಯ ಮೂವತ್ತೊಂಬತ್ತನೇ ದಿನ ನಮ್ಮ ಮನೆಯ ಕಂಬಳಿಯನ್ನೂ ಹೊತ್ತುಕೊಂಡು ಪರಾರಿಯಾದ. ನಮ್ಮವ್ವ ಎರಡು ದಿನ ಬಾಯಿತುಂಬ ಬೈದಳು. ಮೂರನೇ ದಿನ ಗೇಟಿಗೆ ಬಂದವರಿಗೆ ಇನ್ನೊಂದು ಕಂಬಳಿ ಕೊಟ್ಟಳು.

ಇನ್ನು ನಾನು ಮಾಡಿದ ತಪ್ಪಿನ ವಿಷಯ. ಹೋದ ಚಳಿಗಾಲದಲ್ಲಿ ನಮ್ಮವರು ಅಗೆದು ತಂದ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ನಿಮ್ಮ ಬಾಡಿಗೆಯ ಕರಾರುಪತ್ರ ಸಿಕ್ಕಿತು. ಎರಡು ಕೋಣೆಯ ಮನೆಗೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ನೀವು ಮೊದಲೇ ಕೊಟ್ಟಿದ್ದೀರಿ. ಕಾಗದದ ಬೆನ್ನಿಗೆ ನಿಮ್ಮ ಕೈಬರಹದಲ್ಲಿ, "ಮನಿ ಬಿಡೂಮುಂದ ಬಣ್ಣ ಹಚ್ಚಸಾಕಂತ ಮುರಕೊಂಡ್ರು, ನಳ ಕೆಟ್ಟೈತಂತ ಮುರಕೊಂಡ್ರು. ಕೈಯಾಗಿನ ಬಂಗಾರದ ಬಳಿ ಒತ್ತಿ ಇಟ್ಟು ಕೊಟ್ಟಿದ್ದ ರೊಕ್ಕ ಇದು" ಎಂದಿದೆ. ಅಕ್ಷರದ ಮೇಲೆ ನೀರು ಬಿದ್ದ ಕಲೆ ಇದೆ. ಓದಿ ನನಗೆ ಮೈಯೆಲ್ಲ ಉರಿಯಿತು ತಾಯಿ. ಸೂರಿಲ್ಲದೆ ಸೂರು ಕೇಳಲು ಬಂದವರ ಕೈಯಿಂದಲೇ ಮೊದಲು ಕಿತ್ತುಕೊಳ್ಳುವುದೆ!

ಆಮೇಲೆ ಉಳಿದ ಕಾಗದಗಳನ್ನೂ ಕೆದಕಿದೆ. ಮದುವೆಯ ಛತ್ರಕ್ಕೆ ಅಡ್ವಾನ್ಸ್, ಬ್ಯಾಂಡಿನವರಿಗೆ ಅಡ್ವಾನ್ಸ್, ಬ್ಲೌಸ್ ಹೊಲಿಯುವವರಿಗೆ ಅಡ್ವಾನ್ಸ್. ಹುಟ್ಟುಹಬ್ಬದ ಹಿಂದಿನ ದಿನವೇ ಅಡ್ವಾನ್ಸ್ ಹ್ಯಾಪಿ ಬರ್ತ್‌ಡೇ ಅಂತೆ! ಇದನ್ನು ಓದಿ ಒಬ್ಬಳೇ ಕೂತು ನಕ್ಕೆ. ಕಬ್ಬು ಕಡಿಯುವವರಿಗೆ ಕೊಡುತ್ತಿದ್ದ ಅಡ್ವಾನ್ಸ್ ಮಾತ್ರ ನಗೆ ತರಲಿಲ್ಲ, ಅದನ್ನು ತೆಗೆದುಕೊಂಡವರು ತೀರಿಸುವ ತನಕ ಹೊಲ ಬಿಟ್ಟು ಕದಲುವಂತಿರಲಿಲ್ಲ. ಎಲ್ಲ ಕಡೆಯೂ ಅರ್ಥ ಒಂದೇ, ಮೊದಲೇ ಕೊಡುವುದು. ನಮ್ಮ ಅರ್ಥವೂ ಅದೇ. ಯಾರು ಯಾರಿಗೆ ಕೊಡುತ್ತಾರೆ ಎಂಬುದರಲ್ಲಷ್ಟೇ ವ್ಯತ್ಯಾಸ. ಇಷ್ಟು ಕಂಡುಹಿಡಿದೆನೆಂಬ ಜಂಬ ನನ್ನ ತಲೆಗೇರಿತು. ಪುಸ್ತಕ ತೆಗೆದು, ದಪ್ಪ ಅಕ್ಷರದಲ್ಲಿ, "ಮೂಲ ಬಳಕೆ: ಆಸರೆ ಕೇಳಿ ಬಂದವರು ಮೊದಲೇ ಕೊಡತಕ್ಕದ್ದು" ಎಂದು ಬರೆದುಬಿಟ್ಟೆ.

ಮೂರು ದಿನದ ಹಿಂದೆ, ಮುಳುಗಿದ ಕರಾವಳಿಯಿಂದ ಸುಗಂಧಿ ಎಂಬ ಹೆಂಗಸು ಎರಡು ವರ್ಷದ ಮಗಳನ್ನು ಎತ್ತಿಕೊಂಡು, ಹಗಲು ಬಂಡೆಗಳ ನೆರಳಲ್ಲಿ ಅಡಗಿ ರಾತ್ರಿ ನಡೆದು ಬಂದಳು. ಈ ಸಲ ಮಂಜು ಕಡಿಮೆ, ಬಲೆಗಳೂ ಹರಿದಿವೆ. ಊರ ಹಿರಿಯ ಫಕೀರಪ್ಪ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ನೇರವಾಗಿ ನನ್ನ ಮನೆಗೇ ಬಂದ. ಅವನು ನನ್ನ ಸೋದರಮಾವನ ಮಗ, ಕೆಟ್ಟವನಲ್ಲ, ಹೆದರಿದ್ದಾನೆ. "ತಾರಕ್ಕ, ಬಂದವ್ರು ಕೊಡಬೇಕಂತ ನೀನ ಬರದೀಯಲ್ಲ, ನಾ ಏನ್ ಹೊಸಾದು ಹೇಳಾಕತ್ತೀನೇನು? ತೊಟ್ಟಿ ಅರ್ಧಾನೂ ತುಂಬಿಲ್ಲ. ನಮ್ಮನ್ಯಾಗ ಹಸಗೂಸು ಐತಿ" ಎಂದ. ಸುಗಂಧಿಯನ್ನು ಗೇಟಿನಾಚೆಯ ಚಪ್ಪರದಲ್ಲಿ ಕೂರಿಸಿ ಮೂರು ದಿನದ ನೀರು ಕೊಟ್ಟರು. ಆ ನೀರು ಇವತ್ತಿಗೆ ಮುಗಿಯಿತು. ಬಂದವರೇ ಮೊದಲು ಕೊಡಬೇಕೆಂಬ ಹೊಸ ನಿಯಮ ಪಾಸು ಮಾಡಲು ನಾಳೆ ಬೆಳಿಗ್ಗೆ ಸಭೆ. ಪಾಸಾದರೆ ಅವಳು ಮಗುವನ್ನೆತ್ತಿಕೊಂಡು ಈ ಬಿಸಿಲಿನಲ್ಲಿ ಹೊರಟು ಹೋಗಬೇಕು. ನೆರಳುತಿಂಗಳಲ್ಲಿ ನೀರಿಲ್ಲದೆ ಹಾಗೆ ಹೋದವರು ಯಾರೂ ಉಳಿದದ್ದಿಲ್ಲ.

ನಿನ್ನೆ ಹೋಗಿ ಅವಳನ್ನು ಕಂಡೆ. "ಅಮ್ಮಾ, ನನ್ನತ್ರ ಕೊಡ್ಲಿಕ್ಕೆ ಎಂತದೂ ಇಲ್ಲ. ಮಗುವನ್ನಾದ್ರೂ ಒಳಗೆ ತಕೊಳ್ಳಿ, ನಾನು ಹೊರಗೇ ಇರ್ತೇನೆ" ಎಂದಳು. ಅವಳು ಮಾತಾಡುತ್ತಿದ್ದಂತೆ ಅವಳ ಬೆರಳುಗಳು ಬೇಲಿಗೆ ಸಿಕ್ಕಿ ಹರಿದಿದ್ದ ಮಂಜುಬಲೆಯ ಅಂಚನ್ನು ತಮ್ಮ ಪಾಡಿಗೆ ತಾವು ಗಂಟು ಹಾಕಿ ಹೆಣೆಯುತ್ತಿದ್ದವು. ಅಷ್ಟು ಸಣ್ಣ ಗಂಟು ಹಾಕುವವರು ನಮ್ಮ ಊರಿನಲ್ಲಿ ಒಬ್ಬರೂ ಇಲ್ಲ. ಅವಳು ಮೀನುಬಲೆಯವರ ಮನೆಯ ಮಗಳು.

ನಾಳೆ ಸಭೆಯಲ್ಲಿ ಇದೊಂದು ಮಾತು ಹೇಳಿದರೆ ಸಾಕು, ಫಕೀರಪ್ಪನೇ ಓಡಿಹೋಗಿ ಗೇಟು ತೆಗೆಯುತ್ತಾನೆ. ನಾನು ಹೇಳುವುದಿಲ್ಲ. ಹೇಳಿದರೆ ಅವಳ ಕೈಕಸುಬೇ ಅವಳು ಕೊಟ್ಟ ಅಡ್ವಾನ್ಸ್ ಆಗುತ್ತದೆ, ನಿಯಮ ಗೆಲ್ಲುತ್ತದೆ. ಅವಳಾದ ಮೇಲೆ ಕೈ ನಡುಗುವ ಮುದುಕಿಯೊಬ್ಬಳು ಬಂದರೆ ಏನು ತೋರಿಸಿ ಗೇಟು ತೆಗೆಸಲಿ? ಹಾಗಂತ ಮಗುವಿನ ಜೀವವನ್ನು ಪಣಕ್ಕಿಟ್ಟು ನ್ಯಾಯ ಮಾತಾಡಲು ನಾನು ಯಾವ ದೊಡ್ಡವಳು ಎಂದು ನನ್ನನ್ನೇ ಬೈದುಕೊಂಡಿದ್ದೇನೆ. ಅದಕ್ಕೇ ಸಭೆಯ ತನಕ ಕಾಯುವುದಿಲ್ಲ.

ಈ ಸಂಜೆ ನನ್ನ ಪಾಲಿನ ನೀರು ಹೊತ್ತು ಗೇಟಿಗೆ ಹೋಗಿ ಅವರಿಬ್ಬರನ್ನೂ ಒಳಗೆ ಕರೆದುಕೊಂಡು ಬರುತ್ತೇನೆ. ಒಳಗೆ ಬಂದು ನೀರು ಕುಡಿದವರನ್ನು ಹೊರಗಟ್ಟುವ ರೂಢಿ ನಮ್ಮಲ್ಲಿಲ್ಲ. ಆದರೆ ಗೇಟಿನಾಚೆ ತಡೆದು ಕೂರಿಸಿದವರನ್ನು ಸಭೆಯನ್ನು ಕೇಳದೆ ಕರೆತಂದವರಿಗೆ ಒಂದು ವರ್ಷ ಊರಿನ ಯಾವ ಪದವಿಯೂ ಇಲ್ಲ, ನೀರಿನ ಪಾಲು ಅರ್ಧ. ನನಗೆ ಅರವತ್ತಮೂರು ಆಯಿತು, ಇನ್ನು ನನ್ನಿಂದ ಏನು ಕಿತ್ತುಕೊಂಡಾರು! ಗೇಟಿನ ಪಾಳಿ ಇವತ್ತು ದಾವಲ್‌ಬಿಯದು. ಹೇಳಿಟ್ಟಿದ್ದೇನೆ. "ಆ ಹೊತ್ತಿಗೆ ನಾ ಒಳಗ ರೊಟ್ಟಿ ಬಡ್ಯಾಕ ಹೋಗಿರ್ತೀನಿ ಬಿಡಕ್ಕ, ಚಿಲಕಾ ಗಟ್ಟಿ ಇಲ್ಲ" ಎಂದಳು.

ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಿಲ್ಲ. ನಿಮ್ಮ ಕಾಲದಲ್ಲಿ ಹಾಗೆ ಇದ್ದದ್ದು ನಿಜ, ಸುಳ್ಳು ಬರೆಯಲಾರೆ. ಕೆಳಗೆ ಒಂದು ಸಾಲು ಸೇರಿಸಿದ್ದೇನೆ: "ಹಾಗೆ ಕೊಟ್ಟವರು ಅತ್ತಿದ್ದರು." ಇದಕ್ಕೆ ನಿಮ್ಮ ಒಪ್ಪಿಗೆ ಕೇಳಬೇಕಿತ್ತು, ಕೇಳಲು ಪುರಸೊತ್ತಾಗಲಿಲ್ಲ. ನಿಮ್ಮಲ್ಲಿ ನನ್ನದೊಂದು ವಿನಂತಿಯೂ ಇದೆ. ಮುಂದೆ ನಿಮಗೊಂದು ಸ್ವಂತ ಮನೆಯಾಗಿ, ಯಾರಾದರೂ ಬಾಡಿಗೆ ಕೇಳಿಕೊಂಡು ಬಂದರೆ, ಬಾಗಿಲಲ್ಲಿ ನಿಲ್ಲಿಸಿ ಮಾತಾಡಬೇಡಿ. ಒಳಗೆ ಕರೆದು ಕೂರಿಸಿ, ನೀರು ಕೊಡಿ, ಆಮೇಲೆ ಉಳಿದದ್ದು.

ಬಿಸಿಲು ಇಳಿಯಿತು, ಏಳುತ್ತೇನೆ. ನಾಳೆ ಬೆಳಿಗ್ಗೆ ಸಭೆಯವರು ಬೇಕೋ ಬೇಡವೋ ಎಂದು ಕೈ ಎತ್ತುವ ಹೊತ್ತಿಗೆ ಸುಗಂಧಿ ನಮ್ಮ ಮನೆಯಲ್ಲಿ ರೊಟ್ಟಿ ತಿಂದು, ಮಗಳ ತಲೆ ಬಾಚುತ್ತಾ ಕೂತಿರುತ್ತಾಳೆ.

ನಿಮ್ಮ,
ತಾರವ್ವ