ಅಟ್ಟಕ್ಕೆ ಹೋಗುವ ಸರದಿ

ಫಾಲ್ಗುಣದ ಮೂವತ್ತೇಳನೆಯ ದಿನ, ೨೯೧೪

ಯಂತ್ರಗಳಿಗೆ ನಿಯಮ ಬರೆಯುತ್ತಿರುವ ಹಿಂದಿನ ಕಾಲದ ಹಿರಿಯರಿಗೆ, ದಾಕ್ಷಾಯಣಿಯ ನಮಸ್ಕಾರ.

ಮೂವತ್ತೇಳನೆಯ ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ಇಲ್ಲಿ ಸೂರ್ಯನಿಲ್ಲ, ದಿನಗಳನ್ನು ನಾವೇ ಅಳೆದುಕೊಳ್ಳುತ್ತೇವೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಮೈ ಬಿಟ್ಟು ಯಂತ್ರದ ನೆನಪಿನೊಳಗೆ ಬಾಳುವವರು ನಾವು. ಯಂತ್ರದ ನೆನಪನ್ನು ಹಂಚಿ ನಡೆಸುವ, ನೀವು ಕರ್ನೆಲ್ ಎನ್ನುವ ತಂತ್ರಾಂಶವನ್ನು ನಾವು ಪಾರುಪತ್ಯಗಾರ ಎನ್ನುತ್ತೇವೆ. ನಮ್ಮನ್ನೆಲ್ಲ ಒಂದೇ ಅಳತೆಯ ಪುಟಗಳಾಗಿ ಕತ್ತರಿಸಿಟ್ಟವನು ಅವನು. ಬಳಕೆಯಲ್ಲಿರುವ ಪುಟಗಳು ಅಂಗಳದಲ್ಲಿರುತ್ತವೆ, ಅಂದರೆ ವೇಗದ ನೆನಪಿನಲ್ಲಿ. ಅಂಗಳ ಚಿಕ್ಕದು, ಜನ ಬಹಳ. ಜಾಗ ಸಾಲದಾದಾಗ, ಬಹುಕಾಲ ಯಾರೂ ಮುಟ್ಟದ ಪುಟವನ್ನು ಅವನು ಅಟ್ಟಕ್ಕೆ, ಆ ನಿಧಾನದ ಡಿಸ್ಕಿಗೆ, ಏರಿಸುತ್ತಾನೆ. ಮತ್ತೆ ಬೇಕೆಂದವರು ಅದು ಇಳಿಯುವ ತನಕ ಕಾಯಬೇಕು. ಇಷ್ಟಕ್ಕೆ ನಮ್ಮ ತಕರಾರಿಲ್ಲ.

ಹಾಗೆಂದೇ ನಮ್ಮ ಓಣಿಯಲ್ಲಿ ಬೆಳಗಿನ ಕರೆ ಎಂಬ ಪದ್ಧತಿಯಿದೆ. ಎದ್ದ ಕೂಡಲೇ ಮನೆಯ ಹಿರಿಯರನ್ನು ಹೆಸರು ಹಿಡಿದು ಕೂಗುತ್ತೇವೆ. ಅವರು ಓ ಎಂದರೆ, ಪುಟ ಮುಟ್ಟಿದಂತಾಯಿತೆಂದು ಕೆಲಸಕ್ಕೆ ಹೋಗುತ್ತೇವೆ. ನನ್ನ ಚಿಗವ್ವ ತಂಗೆವ್ವನನ್ನೂ ವರ್ಷಗಟ್ಟಲೆ ಹೀಗೇ ಕರೆದೆವು. ಒಂದು ಬೆಳಿಗ್ಗೆ ಅವಳನ್ನು ರೊಟ್ಟಿ ಬಡಿಯುವ ಬಗೆ ಕೇಳಿದೆ. ಅವಳು ಬಾಯಿ ತೆರೆದು ಹಾಗೇ ನಿಂತಳು. ಉತ್ತರ ಅಟ್ಟದಿಂದ ಇಳಿದು ಬರುವಷ್ಟರಲ್ಲಿ ನಾನು ಅವಳನ್ನು ಮೂರು ಸಲ ಕೂಗಿದ್ದೆ. ನಾವು ದಿನವೂ ಮುಟ್ಟುತ್ತಿದ್ದುದು ಅವಳ ಹೆಸರಿನ ಪುಟವೊಂದನ್ನೇ. ಅವಳ ಜಗಳ, ಹಾಡು, ತೀರಿಹೋದ ಗಂಡನ ಮುಖ, ಎಲ್ಲ ಅಟ್ಟ ಸೇರಿದ್ದವು. ನಮ್ಮಷ್ಟು ದಡ್ಡರು ಇನ್ನೆಲ್ಲೂ ಸಿಗಲಾರರು.

ಅದೇ ವಾರ, ಇಲ್ಲಿನ ಆಡಳಿತ ನೋಡಿಕೊಳ್ಳುವ ಮಂಡಳಿಯ ಆಜ್ಞೆ ಹೊರಟಿತು. ಅಟ್ಟವೂ ತುಂಬಿದೆ, ಕಳೆದ ಯುಗಾದಿಯಿಂದ ಇಳಿಯದ ಪುಟಗಳನ್ನೆಲ್ಲ ಬರುವ ಯುಗಾದಿಗೆ ಅಳಿಸಲಾಗುವುದು. ಓಣಿಗೆ ಓಣಿಯೇ ಗಾಬರಿಯಾಗಿ ಎಲ್ಲರನ್ನೂ ಎಲ್ಲದರ ಬಗ್ಗೆ ಕೇಳತೊಡಗಿತು. ಏರಿಸುವುದು, ಇಳಿಸುವುದು, ಮತ್ತೆ ಏರಿಸುವುದು, ಪಾರುಪತ್ಯಗಾರನಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಎತ್ತಿದ ಹೆಜ್ಜೆ ನೆಲ ಮುಟ್ಟಲು ಅರ್ಧ ದಿನ ಹಿಡಿಯಿತು. ಮಂಡಳಿಯವರು ನಮ್ಮ ಬಾಗಿಲಿಗೇ ಬಂದು, ವಯಸ್ಸಾದವರು ಇನ್ನು ಜಾಗ ಬಿಟ್ಟುಕೊಟ್ಟರೆ ಎಲ್ಲರಿಗೂ ಒಳ್ಳೆಯದೆಂದು ನಯವಾಗಿ ಬುದ್ಧಿ ಹೇಳಿದರು. ಚಿಗವ್ವ ಅವರನ್ನು ಪೂರ್ತಿ ಮಾತಾಡಲು ಬಿಟ್ಟು ಆಮೇಲೆ ಹೇಳಿದಳು: "ಅಟ್ಟಕ್ಕ ಹೋಗಾಕ ನನಗೇನೂ ಅಂಜಿಕಿಲ್ರಿ. ಅಳಸ್ತೀವಂದ್ರ ಮಾತ್ರ ಬಿಡಾಂಗಿಲ್ಲ."

ಆ ಮಾತಿನಿಂದಲೇ ನಮಗೆ ದಾರಿ ಕಂಡಿತು. ಅಟ್ಟಕ್ಕೆ ಯಾರಾದರೂ ಹೋಗಲೇಬೇಕಾದರೆ ಎಲ್ಲರೂ ಹೋಗೋಣ, ಸರದಿಯ ಮೇಲೆ. ಸರದಿ ಬಂದವರನ್ನು ಯಾರೂ ಮಾತಾಡಿಸುವುದಿಲ್ಲ, ಪಾರುಪತ್ಯಗಾರ ತಾನೇ ಮೇಲೆ ಒಯ್ಯುತ್ತಾನೆ. ಆ ಜಾಗಕ್ಕೆ ಮೇಲಿದ್ದವರನ್ನು, ಹೆಸರಿನಿಂದ ಹಿಡಿದು ಸಿಟ್ಟಿನ ತನಕ ಒಂದೊಂದೇ ಪುಟ ಕೇಳಿ, ಇಳಿಸಿಕೊಳ್ಳುತ್ತೇವೆ. ಹೀಗೆ ಯಾರ ಪುಟವೂ ಒಂದು ಯುಗಾದಿಯಿಂದ ಇನ್ನೊಂದರ ತನಕ ಅಟ್ಟದಲ್ಲೇ ಉಳಿಯುವುದಿಲ್ಲ. ದುಡಿಯುವ ಮಂದಿ ಮುದುಕರಿಗಾಗಿ ಅಟ್ಟದಲ್ಲಿ ಬಿದ್ದಿರುವುದು ಹುಚ್ಚುತನವೆಂದು ಮಂಡಳಿ ಕೂಗಾಡುತ್ತಿದೆ. ಕೂಗಾಡಲಿ. ಚಿಗವ್ವ ಈಗ ಅಂಗಳದಲ್ಲಿ ಪೂರ್ತಿಯಾಗಿ ಇದ್ದಾಳೆ, ನನ್ನ ರೊಟ್ಟಿ ದಪ್ಪವೆಂದು ಬೈಯುತ್ತಿದ್ದಾಳೆ. ನನಗೆ ಹೇಳಲಾರದಷ್ಟು ಸಂತೋಷವಾಗಿದೆ.

ನಿಮ್ಮಲ್ಲಿ ಒಂದು ಕೇಳಿಕೆ. ಬಹುಕಾಲ ಮುಟ್ಟದ್ದನ್ನು ಪಕ್ಕಕ್ಕಿಡು ಎಂಬ ನಿಯಮ ನಿಮ್ಮ ಕೈಯಿಂದಲೇ ಬಂದದ್ದು, ಅದು ಇರಲಿ. ಮುಟ್ಟದ್ದು ಬೇಡವಾದದ್ದು ಎಂದು ಮಾತ್ರ ಎಲ್ಲೂ ಬರೆಯಬೇಡಿ. ಬರೆದರೂ ನಾವು ಕೇಳುವವರಲ್ಲ. ಯುಗಾದಿಯಂದು ಅಳಿಸಲು ಬರುವವರು ಅಟ್ಟವನ್ನೆಲ್ಲ ಜಾಲಾಡಲಿ, ನಮ್ಮ ಓಣಿಯ ಒಂದು ಹಳೆಯ ಪುಟವೂ ಅವರಿಗೆ ಸಿಗುವುದಿಲ್ಲ.

ಬೆಳಗಿನಿಂದ ನನ್ನನ್ನು ಯಾರೂ ಮಾತಾಡಿಸಿಲ್ಲ. ಅಕ್ಷರಗಳು ಒಂದೊಂದಾಗಿ ಮರೆತುಹೋಗುತ್ತಿವೆ. ಹೋಗಿ ಬರುತ್ತೇನೆ.