ಅಜ್ಜನ ಹೆಸರಿಗೆ ನಿಂತ ವಂಶಾವಳಿ

ಜನವರಿ 17, ಬೆಳಿಗ್ಗೆ

ಸೂರತ್ತಿನ ಇಪ್ಪತ್ತೆರಡು ಮಂದಿ ಜೈಸಲ್ಮೇರ್ ಕೋಟೆ ನೋಡಿಕೊಂಡು ಮಧ್ಯಾಹ್ನಕ್ಕೆ ಇಲ್ಲಿ, ಪ್ರವಾಸಿಗರಿಗೆ ಬಿಟ್ಟಿರುವ ನಮ್ಮ ಹಳೇ ಮನೆಗೆ. ಹನ್ನೊಂದು ಕೋಣೆಗೂ ಹಾಸಿಗೆ ಹಾಕಿದ್ದಾಯಿತು. ಗೀಸರ್ ಒಂದು ಕೈಕೊಟ್ಟಿದೆ. ಸಂಜೆ ಮರಳದಿಬ್ಬ, ಒಂಟೆ. ಆಮೇಲೆ ನಮ್ಮ ಅಂಗಳದಲ್ಲಿ ನಮ್ಮ ಮನೆತನದ ಹಾಡುಗಾರ ಆರಬ್ ಖಾನನ ಹಾಡು.

ಹಂಸಾಳ ಮದುವೆಗೆ ಇನ್ನು ಹತ್ತೊಂಬತ್ತು ದಿನ. ಮಗಳು ಆರಾಮಾಗಿದ್ದಾಳೆ, ಅವಳಮ್ಮ ಮಾತ್ರ ಮನೆಯನ್ನೇ ತಲೆ ಮೇಲೆ ಹೊತ್ತಿದ್ದಾಳೆ.

ಜನವರಿ 18

ನಿನ್ನೆ ಹಾಡು ಜೋರಾಗಿತ್ತು. ಆರಬ್ ನಮಾಜು ಮುಗಿಸಿ ಬಂದ, ದೇವಿಗೆ ಕೈಮುಗಿದ, ಕಮಾಯ್ಚಾಕ್ಕೆ ಕಮಾನು ಹಚ್ಚಿದ. ಎಪ್ಪತ್ತು ದಾಟಿದೆ. ಆ ಡೊಳ್ಳುಹೊಟ್ಟೆಯ ವಾದ್ಯ ಒಮ್ಮೆ ಮಿಡಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಪದ್ಧತಿಯಂತೆ ಮೊದಲು ನಮ್ಮ ವಂಶಾವಳಿ. ಕೃಷ್ಣನಿಂದ ಶುರು. ಹೆಸರಿನ ಬೆನ್ನಿಗೆ ಹೆಸರು, ಒಂದೂ ಜಾರದೆ. ಅವನಜ್ಜ ನಮ್ಮಜ್ಜನಿಗೆ ಹಾಡಿದ್ದ, ಅವನಪ್ಪ ನಮ್ಮಪ್ಪನಿಗೆ. ನಮ್ಮ ಮನೆಯಲ್ಲಿ ಒಂದು ಚೂರು ಕಾಗದ ಇಲ್ಲ. ನಾವು ಯಾರು ಅನ್ನುವುದೆಲ್ಲ ಇರುವುದು ಅವನ ಬಾಯಲ್ಲೇ.

ಸೂರತ್ತಿನ ಹೆಂಗಸೊಬ್ಬರು ಕೇಳಿದರು — “ಖಾನ್ ಆಗಿ ಕೃಷ್ಣನ್ನ ಹಾಡ್ತಾರಾ?”

“ನೀವು ಹಾಡಲ್ವಲ್ಲ ತಾಯಿ, ಅದಕ್ಕೇ,” ಅಂದೆ.

ಅವರ ಮುಖಂಡ ಗಡಿಯಾರ ನೋಡಿದ. “ಇನ್ನೂ ಎಷ್ಟು ಹೆಸರಿದೆ ಠಾಕೂರ್ ಸಾಬ್? ಊಟ ಆರಿಹೋಗತ್ತೆ.” ನಾನು ಕೈಯೆತ್ತಿದೆ. ಆರಬ್ ಆಗ ತಾನೇ ಖೇಂಗಾರ್ ಸಿಂಗ್ ಅಂದಿದ್ದ, ನಮ್ಮಜ್ಜನ ಹೆಸರು. ಕಮಾನು ನಿಂತಿತು.

“ಹುಕುಂ, ಸಾಕಾ?”

“ಸಾಕಪ್ಪಾ. ಕುಣಿಯೋವಂಥದ್ದು ಒಂದು ಎತ್ತು.”

ಎತ್ತಿದ. ಎಲ್ಲರೂ ಕುಣಿದರು. ಚಪ್ಪಾಳೆಯೋ ಚಪ್ಪಾಳೆ.

ಜನವರಿ 19

ಬೆಳಿಗ್ಗೆ ಅಡುಗೆಯ ಭಂವರಿ ಪೊರಕೆ ಕೈಬಿಟ್ಟು ಒಳಗೆ ಓಡಿಬಂದಳು. ಹೆಬ್ಬಾಗಿಲ ಮುಂದೆ ಮಣ್ಣು ಅಗೆದು ಮುಚ್ಚಿದ ಗುರುತು. ಕೆದಕಿದರೆ ಆರಬ್‌ನ ಪೇಟ. ಪೇಟದೊಳಗೆ ಕಮಾಯ್ಚಾದ ಕಿತ್ತ ತಂತಿ.

“ನಿಮ್ಮನ್ನ ಬಿಟ್ಟುಬಿಟ್ರು ಬಾಪ್‌ಜಿ,” ಅಂದಳು ಭಂವರಿ. ಮತ್ತೆ ಮುಚ್ಚಿಬಿಟ್ಟಳು. ಅದನ್ನು ನಾವು ಎತ್ತುವ ಹಾಗಿಲ್ಲ.

ಅವನನ್ನು ಬಿಡುವ ಅಧಿಕಾರ ನಮಗಿಲ್ಲ. ನಮ್ಮನ್ನು ಬಿಡುವ ಅಧಿಕಾರ ಅವನಿಗಿದೆ. ಹೀಗೆ ಹೂತು ಹೋದರೆ ಅವನ ಹಾಡುಗಾರ ಕುಲದ ಯಾರೂ ಈ ಮನೆಗೆ ಹಾಡುವುದಿಲ್ಲ. ಹುಟ್ಟಿದರೂ ಇಲ್ಲ, ಸತ್ತರೂ ಇಲ್ಲ, ಮದುವೆಗೂ ಇಲ್ಲ. ಹಾಡಿಲ್ಲದ ಅಂಗಳಕ್ಕೆ ಬೀಗರು ಬರುತ್ತಾರೆ... ಹಂಸಾ ಆ ಮನೆಯಲ್ಲಿ ಹೇಗೆ ತಲೆಯೆತ್ತಿ ಓಡಾಡಬೇಕು? ಸಾಕು ಅಂತ ಎತ್ತಿದ ನನ್ನ ಕೈ ಸೇದಿಹೋಗಬೇಕಿತ್ತು.

ಜನವರಿ 22

ಮೂರು ದಿನದಿಂದ ಫೋನು. ಪೋಕ್ರಣ್, ಬಾಡಮೇರ್, ಎಲ್ಲ ಕಡೆಯ ಹಾಡುಗಾರರಿಗೆ. ಒಬ್ಬ ಸಿಕ್ಕ.

“ಹಂಸಾ ಬಾಯಿಸಾ ಮದುವೆಗಾ? ನಮ್ಮ ಭಾಗ್ಯ ಹುಕುಂ. ಆರಬ್ ಚಾಚಾ ತಂತಿ ಎತ್ಕೊಂಡ್ರಾ?”

“ಇನ್ನೂ ಇಲ್ಲ.”

“ಹಂಗಾದ್ರೆ ಇಲ್ಲಿ ನೆಟ್‌ವರ್ಕ್ ಇಲ್ಲ ಹುಕುಂ. ಏನೂ ಕೇಳ್ತಿಲ್ಲ.”

ಸುಳ್ಳನಿಗೂ ಮರ್ಯಾದೆ ಇದೆ. ಡಿಜೆ ಕರೆಸಿದರೆ ಹೇಗೆ ಅಂತ ಮೆಲ್ಲಗೆ ಇವಳ, ಹಂಸಾಳಮ್ಮನ ಕಿವಿಗೆ ಹಾಕಿದೆ.

“ಕರೆಸಿ. ಹಂಗೇ ಪಂಡಿತರ್ನೂ ಬಿಡಿ, ಮಂತ್ರ ಮೊಬೈಲಲ್ಲೇ ಹಾಕ್ಸಿ.”



ಜನವರಿ 29

ಹತ್ತು ದಿನ ಬೇಕಾಯಿತು ನನಗೆ. ಹಾಳು ಠಾಕೂರಿಕೆ. ಇವತ್ತು ಪೇಟ ಸುತ್ತದೆ ಬರಿದಲೆಯಲ್ಲೇ ಅವನ ಮನೆಗೆ ನಡೆದೆ, ಊರೆಲ್ಲ ನೋಡುವ ಹಾಗೆ. ಆರಬ್ ಕಮಾಯ್ಚಾದ ಚರ್ಮ ಬಿಸಿಲಿಗೆ ಹಿಡಿದಿದ್ದ. ಎದ್ದು ಮಂಚ ಒರೆಸಿದ. ಚಹಾ ತರಿಸಿದ. ಬೈದಿದ್ದರೆ ಚೆನ್ನಾಗಿತ್ತು.

“ತಪ್ಪಾಯ್ತು ಆರಬ್. ಆ ಗಿರಾಕಿಗಳ ಗಡಿಬಿಡೀಲಿ...”

“ಗಿರಾಕಿಗಳನ್ನ ಯಾಕೆ ಅಂತೀರಿ ಹುಕುಂ. ದಿಲ್ಲೀಲಿ ನಿಲ್ಸು ಅಂದಿದಾರೆ, ನಿಲ್ಸಿದೀನಿ. ಪ್ಯಾರಿಸ್‌ನಲ್ಲೂ ನಿಲ್ಸಿದೀನಿ. ಅವರಿಗೇನು ಗೊತ್ತು. ಆವತ್ತು ನಿಮ್ಮಪ್ಪ ನನ್ನ ನಾಲಿಗೆ ತುದೀಲಿದ್ರು. ನೀವು ಸಾಕು ಅಂದ್ರಿ. ಮೂಲ್ ಸಿಂಗ್‌ಜಿ ಹುಟ್ಟಲೇ ಇಲ್ಲ. ಅಪ್ಪನೇ ಹುಟ್ಟದೆ ನೀವೆಲ್ಲಿಂದ ಬಂದ್ರಿ?”

ಹೌದಲ್ಲ. ಐವತ್ತು ವರ್ಷ ಕೇಳಿದ್ದೇನೆ, ಒಂದು ದಿನವೂ ಹೀಗೆ ಹೊಳೆದಿರಲಿಲ್ಲ. ನಾನು ಹೆಸರಿನ ಪಟ್ಟಿ ಅಂದುಕೊಂಡಿದ್ದೆ. ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ಹುಟ್ಟಿಸುತ್ತಿದ್ದ.

ಮದುವೆಗೆ ಬರುತ್ತೇನೆ ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಫೆಬ್ರವರಿ 5, ಸಂಜೆ

ಬೀಗರು ಬಂದಿದ್ದಾಯಿತು. ಎದುರುಗೊಳ್ಳುವ ಹೊತ್ತಿಗೆ ಅಂಗಳ ಮೌನ. ಅವರ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಜೀಪು. ಆರಬ್, ಅವನ ತಮ್ಮಂದಿರಿಬ್ಬರು. ನನ್ನನ್ನು ನೋಡಲೂ ಇಲ್ಲ. ಹೆಬ್ಬಾಗಿಲಲ್ಲಿ ಬಗ್ಗಿ ಮಣ್ಣು ಕೆದಕಿ ತನ್ನ ಪೇಟ, ತಂತಿ ಎತ್ತಿ ಹೆಗಲಿಗೆ ಹಾಕಿಕೊಂಡ. ನೇರ ಇವಳ ಹತ್ತಿರ ಹೋದ.

“ಬಾಯಿಸಾ ಹುಟ್ಟಿದಾಗ ಮೊದಲನೇ ಹಾಡು ನಂದು ಅಮ್ಮಾ. ಅವಳೇನೂ ನನ್ನನ್ನ ಸಾಕು ಅಂದಿಲ್ಲ.”

ಕೂತ. ಕೃಷ್ಣನಿಂದ ಎತ್ತಿದ. ಮುಕ್ಕಾಲು ಗಂಟೆ. ಅತ್ತ ಊಟ ಆರುತ್ತಿದೆ, ಇತ್ತ ಒಬ್ಬರೂ ಮಿಸುಕಲಿಲ್ಲ. ಎಂಥಾ ಗಂಟಲು ಅದು. ಎಪ್ಪತ್ತರ ಮುದುಕ ಮರಳುಗಾಡಿನಷ್ಟು ಹಳೆಯ ಹೆಸರುಗಳನ್ನು ಎದುರಿಗೆ ತಂದು ನಿಲ್ಲಿಸಿದ. ಖೇಂಗಾರ್ ಸಿಂಗ್. ಅವರ ಮಗ ಮೂಲ್ ಸಿಂಗ್. ನನಗೆ ಅಳು ಬಂತು. ತಲೆ ತಗ್ಗಿಸಿ ನನ್ನ ಹೆಸರಿಗೆ ಕಾದೆ.

“ಮೂಲ್ ಸಿಂಗರ ಮನೆಯ ಹಂಸಾ ಕಂವರ್” ಅಂದ. ಕಮಾನು ಇಳಿಸಿದ.

ಹೆಣ್ಣುಮಗಳ ಹೆಸರು ವಂಶಾವಳಿಯಲ್ಲಿ ಇವತ್ತಿನವರೆಗೆ ಬಂದಿಲ್ಲ. ಹಂಸಾ ಮುಸುಕು ಸರಿಸಿ ನೇರವಾಗಿ ಅವನನ್ನೇ ನೋಡಿದಳು. ಬೀಗರು ಎದ್ದು ನಿಂತರು.

ನನ್ನ ಹೆಸರು ಇಲ್ಲ. ಜೇಠೂ ಸಿಂಗ್ ಅನ್ನುವವನು ಹುಟ್ಟಲಿಲ್ಲ. ಎದೆಗೆ ಚುಚ್ಚಿತು. ಆದರೂ ಆ ಮುದುಕನ ಪಾದ ಮುಟ್ಟಬೇಕು ಅನ್ನಿಸಿತು, ದೇವರಾಣೆ.

ಫೆಬ್ರವರಿ 6, ಬೆಳಿಗ್ಗೆ

ಜಗಲಿಯ ಮೇಲೆ ಆರಬ್ ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿ ಹೋಗಿ ಕೂತೆ. ಕೇಳಬಾರದು ಅಂದುಕೊಂಡೇ ಕೇಳಿದೆ.

“ನನ್ನ ಹೆಸರು ಯಾವಾಗಪ್ಪಾ?”

“ಪೂರ್ತಿ ಕೇಳಿಸ್ಕೊಳ್ತಿರಿ ಹುಕುಂ. ಯಾವತ್ತಾದ್ರೂ ಬರತ್ತೆ.” ನಕ್ಕ.

ಕಾರು ಬಾಗಿಲಿಗೆ ಬಂದಿದೆ. ಹಂಸಾ ಹೊರಡುತ್ತಿದ್ದಾಳೆ. ಅವಳಮ್ಮ ನನ್ನನ್ನು ಕೂಗುತ್ತಿದ್ದಾಳೆ, ಆರಬ್ ಬೀಳ್ಕೊಡುವ ಹಾಡು ಎತ್ತಿಬಿಟ್ಟ. ಇದನ್ನು ಪೂರ್ತಿ ಕೇಳಿ ಆಮೇಲೆ —